ಚಾರ್ಲಿ ಮರಿಯಾನೋ ಸಹಿ ಇರುವ ಎಲ್‌ಪಿ ಸಿಕ್ಕಿದೆ, ಅಸಲಿಯಾ ಅಂತ ನೋಡಿ ಹೇಳಿ

ಹಳೇತಟ್ಟೆ

ಎಲ್ಲರಿಗೂ ನಮಸ್ಕಾರ. ಬರೆದು ತುಂಬಾ ದಿನ ಆಯಿತು. ಹೋದ ವಾರ ಮನೆಗೆ ಒಂದು ಎಲ್‌ಪಿ, ಅಂದರೆ ಹಾಡಿನ ದೊಡ್ಡ ತಟ್ಟೆ, ಬಂದಿದೆ. ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ, ಅದಕ್ಕೇ ಈ ಪೋಸ್ಟ್.

ಎಲ್‌ಪಿ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'. ಪುಸ್ತಕದ ಹಾಗೆ ಬಿಚ್ಚುವ ಕವರ್. ಒಳಗೆ ಬಲಗಡೆ ಮೂಲೆಯಲ್ಲಿ ಕಪ್ಪು ಶಾಯಿಯಲ್ಲಿ, ಅದರಲ್ಲಿ ಸ್ಯಾಕ್ಸ್ ನುಡಿಸಿದ ಚಾರ್ಲಿ ಮರಿಯಾನೋ ಸಹಿ, ಕೆಳಗೆ '63' ಅಂತ ಇಸವಿ. ಆನ್‌ಲೈನ್‌ನಲ್ಲಿ ಕೊಂಡಿದ್ದು. ಮಾರಿದವರ ಹೆಸರು ಬೇಡ. ಬೆಲೆಯೂ ಬೇಡ, ನಮ್ಮ ಮನೆಯವರು ಆಗಾಗ ಇಲ್ಲಿ ಇಣುಕುತ್ತಾರೆ.

ಹೊಸಬರಿಗೆ ಒಂದು ಮಾತು. ಮರಿಯಾನೋ ಹುಟ್ಟಿದ್ದು 1923ರ ನವೆಂಬರ್ 12ರಂದು, ಬೋಸ್ಟನ್‌ನಲ್ಲಿ. ಇಟಲಿಯಿಂದ ವಲಸೆ ಬಂದ ಮನೆತನ. ಆಲ್ಟೋ ಸ್ಯಾಕ್ಸೋಫೋನ್ ಹಿಡಿದ ಆ ಕಾಲದ ಎಲ್ಲ ಹುಡುಗರಂತೆ ಚಾರ್ಲಿ ಪಾರ್ಕರ್ ದಾರಿಯಲ್ಲೇ ಶುರು ಮಾಡಿದವರು. ಸ್ಟ್ಯಾನ್ ಕೆಂಟನ್ ಬ್ಯಾಂಡ್, ಆಮೇಲೆ ಪಿಯಾನೋ ವಾದಕಿ ತೋಶಿಕೋ ಅಕಿಯೋಶಿ ಜೊತೆ ಮದುವೆ, ಒಟ್ಟಿಗೆ ಬ್ಯಾಂಡ್. 1963ರ ಜನವರಿ 20ರಂದು ಮಿಂಗಸ್ ಜೊತೆ ಈ ರೆಕಾರ್ಡಿಂಗ್. ಅದರಲ್ಲಿ ಅವರ ಸ್ಯಾಕ್ಸ್ ಅಳುವುದನ್ನು ಕೇಳಿದ ಮೇಲೆ ನಾನು ಬೇರೆ ಆಲ್ಟೋ ವಾದಕರನ್ನು ಸ್ವಲ್ಪ ದಿನ ಕೇಳಲಿಲ್ಲ.

ಆದರೆ ನನಗೆ ಅವರು ಹತ್ತಿರವಾದದ್ದು ಬೇರೆ ಕಾರಣಕ್ಕೆ. ಇದೇ ಮನುಷ್ಯ ನಮ್ಮ ಕಡೆ ಬಂದು ನಾದಸ್ವರ ಕಲಿತರು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರ ಜೊತೆ 'ಜ್ಯೋತಿ' ಅಂತ ಎಲ್‌ಪಿ ಮಾಡಿ, ಅದರಲ್ಲೂ ನಾದಸ್ವರ ಊದಿದರು. ಅಂಥವರ ಸಹಿ ಬಸವನಗುಡಿಯ ನಮ್ಮ ಮನೆಯ ಗೋಡೆ ಮೇಲೆ ಇದ್ದರೆ ಹೇಗಿರುತ್ತೆ ಹೇಳಿ! ಸಹಿಯ ಫೋಟೋ ಹಾಕಿದ್ದೇನೆ. ದೊಡ್ಡವರು ನೋಡಿ ಹೇಳಿ.

ತನಿಆವರ್ತನ

ಸರ್, ಸಹಿ ಬಗ್ಗೆ ನನಗೆ ಗೊತ್ತಿಲ್ಲ. ಒಂದು ತಿದ್ದುಪಡಿ ಮಾತ್ರ. 'ಜ್ಯೋತಿ'ಯಲ್ಲಿ ಅವರು ನಾದಸ್ವರ ಮುಟ್ಟಿಲ್ಲ. ಸೊಪ್ರಾನೋ ಸ್ಯಾಕ್ಸ್ ಮತ್ತು ಕೊಳಲು. ನಾದಸ್ವರ ಬೇಕಿದ್ದರೆ ಜರ್ಮನಿಯ ಬಾಸ್ ವಾದಕ ಎಬರ್ಹಾರ್ಡ್ ವೆಬರ್ ಅವರ 'ಯೆಲ್ಲೋ ಫೀಲ್ಡ್ಸ್' ಕೇಳಿ, 1975ರದ್ದು. ಅದರಲ್ಲಿ ಸೊಪ್ರಾನೋ, ಶಹನಾಯಿ, ನಾದಸ್ವರ ಮೂರೂ ಮರಿಯಾನೋ ಅವರದ್ದೇ.

'ಜ್ಯೋತಿ' ರೆಕಾರ್ಡ್ ಆಗಿದ್ದು 1983ರಲ್ಲಿ, ಜರ್ಮನಿಯಲ್ಲಿ. ಇಸಿಎಂ ಕಂಪನಿ, ನಂಬರ್ 1256. ಆರ್.ಎ. ರಮಾಮಣಿ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ. ಜಾಝ್ ಜೊತೆ ನಮ್ಮ ಸಂಗೀತ ಬೆರೆಸಿದ ಎಷ್ಟೋ ರೆಕಾರ್ಡ್‌ಗಳಲ್ಲಿ ನಮ್ಮವರು ಒಗ್ಗರಣೆಗೆ ಇರುತ್ತಾರೆ, ಅಲ್ವಾ? ಇದರಲ್ಲಿ ಉಲ್ಟಾ. ರಮಾಮಣಿ ಅವರ ದನಿ ನಡೆದ ಕಡೆ ಮರಿಯಾನೋ ಹಿಂದೆ ಹಿಂದೆ ಬರುತ್ತಾರೆ. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ.

ಹಳೇತಟ್ಟೆ

ಹೌದು ಕಣ್ರೀ, ತಪ್ಪಾಯಿತು. ಎರಡೂ ಕೇಳಿದ್ದೇನೆ, ತಲೆಯಲ್ಲಿ ಕಲಸಿಹೋಗಿದೆ.

ಸೂಜಿಮೊನೆ

ಸಹಿಯ ಫೋಟೋ ನೋಡಿ ಸಹಿ ಅಸಲಿಯಾ ಅಂತ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಸಹಿಯನ್ನು ಆಮೇಲೆ ನೋಡೋಣ. ಮೊದಲು ಸಹಿ ಯಾವುದರ ಮೇಲಿದೆ ಅಂತ ನೋಡಬೇಕು. ಮೂರು ಫೋಟೋ ಹಾಕಿ. ತಟ್ಟೆಯ ನಡುವಿನ ಲೇಬಲ್. ಹಾಡು ಮುಗಿದ ಮೇಲೆ ಲೇಬಲ್ ತನಕ ಇರುವ ಖಾಲಿ ಜಾಗ, ಅಲ್ಲಿ ಕೆತ್ತಿದ ಅಕ್ಷರ ಓದುವ ಹಾಗೆ ಟಾರ್ಚ್ ಓರೆ ಹಿಡಿದು ತೆಗೆಯಿರಿ. ಕವರ್‌ನ ಹಿಂಭಾಗ ಪೂರ್ತಿ.

ಇಂಪಲ್ಸ್ ಕಂಪನಿಯ ಎಲ್‌ಪಿ ಅಲ್ವಾ ಅದು? 1963ರ ಪ್ರತಿ ಆದರೆ ಕಿತ್ತಳೆ-ಕಪ್ಪು ಲೇಬಲ್ ಇರಬೇಕು, ಅಂಚಿನಲ್ಲಿ ಎಬಿಸಿ-ಪ್ಯಾರಾಮೌಂಟ್ ಹೆಸರು ಇರಬೇಕು. ನಂಬರ್ ಎ-35 ಇದ್ದರೆ ಮೋನೋ, ಎಎಸ್-35 ಇದ್ದರೆ ಸ್ಟೀರಿಯೋ. 60ರ ದಶಕದ ಕೊನೆಗೆ ಲೇಬಲ್ ಕಪ್ಪಾಗಿ ಸುತ್ತ ಕೆಂಪು ಪಟ್ಟಿ ಬಂತು. ಇಷ್ಟು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತೆ.

ಹಳೇತಟ್ಟೆ

ಲೇಬಲ್ ಕಿತ್ತಳೆ-ಕಪ್ಪೇ ಇದೆ ಸಾರ್! ನಂಬರ್ ಎಎಸ್-35. ತಟ್ಟೆ ಕೈಯಲ್ಲಿ ಹಿಡಿದರೆ ಒಳ್ಳೇ ಭಾರ, ದೋಸೆ ಹೆಂಚಿನ ಹಾಗೆ. ಒಂದು ಗೀರು ಇಲ್ಲ. 60 ವರ್ಷದ ತಟ್ಟೆ ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರಲ್ಲ ಅಂತ ಖುಷಿಯಾಯಿತು. ಫೋಟೋ ರಾತ್ರಿ ಹಾಕುತ್ತೇನೆ.

ಸೂಜಿಮೊನೆ

ದೋಸೆ ಹೆಂಚು ಅಂದಿರಿ ನೋಡಿ, ಅಲ್ಲೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಹಿಂಭಾಗದ ಫೋಟೋ ಹಾಕಿ ಮೊದಲು.

ಓಲಗದಮನೆ

ಅಲ್ಲಿಯ ತನಕ ನಾನೊಂದು ಹೇಳಲಾ? ನಮ್ಮದು ಮಂಡ್ಯ ಕಡೆ ಓಲಗ ಊದುವ ಮನೆ. ನಾನು ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಬಂದೆ, ಅದು ಬೇರೆ ಕಥೆ. ನಮ್ಮ ತಾತ ಊದಿದ ವಾದ್ಯ ಮನೆಯಲ್ಲಿದೆ. ಬಾಯಿ ಹತ್ತಿರ ದಾರದಲ್ಲಿ ನಾಲ್ಕು ಸೀವಾಳಿ (ಊದಿದರೆ ಅದುರಿ ಸ್ವರ ಕೊಡುವ ರೀಡ್), ಜೊತೆಗೆ ದಂತದ ಒಂದು ಕಡ್ಡಿ ನೇತಾಡುತ್ತೆ. ಊದುವ ಮೊದಲು ತಾತ ಸೀವಾಳಿ ನಾಲಿಗೆ ಮೇಲೆ ನೆನೆಸಿ, ಆ ಕಡ್ಡಿಯಲ್ಲಿ ಬಾಯಿ ಬಿಡಿಸಿ, ಒಂದು ಸಲ 'ಪೀಂ' ಅನ್ನಿಸಿ ನೋಡುತ್ತಿದ್ದರು. ಸರಿ ಬರದಿದ್ದರೆ ಮುಂದಿನದು.

ಮರಿಯಾನೋ ನಾದಸ್ವರ ಕಲಿತರು ಅಂತ ಎಲ್ಲರೂ ಒಂದು ಸಾಲಲ್ಲಿ ಬರೆಯುತ್ತಾರೆ. ಅದು ಎಷ್ಟು ಕಷ್ಟ ಅಂತ ಯಾರೂ ಬರೆಯಲ್ಲ. ಸ್ಯಾಕ್ಸ್‌ನಲ್ಲಿ ಒಂದೇ ರೀಡ್, ಅದನ್ನು ಗಟ್ಟಿಯಾದ ಮೌತ್‌ಪೀಸ್ ಹಿಡಿದಿರುತ್ತೆ. ಸೀವಾಳಿ ಅಂದರೆ ಎರಡು ಪದರದ ಹುಲ್ಲು. ತುಟಿ ಸ್ವಲ್ಪ ಸಡಿಲಾದರೂ ಶ್ರುತಿ ಜಾರುತ್ತೆ. ಸ್ಯಾಕ್ಸ್‌ಗೆ ಬಟನ್ ಇದೆ, ಒತ್ತಿದರೆ ಸ್ವರ. ನಾದಸ್ವರದಲ್ಲಿ ಬೆರಳಿಗೆ ಏಳು ತೂತು ಮಾತ್ರ. ಗಮಕ, ನಡುವಿನ ಸ್ವರ ಎಲ್ಲ ಉಸಿರಲ್ಲಿ, ತುಟಿಯಲ್ಲಿ, ಬೆರಳು ಅರ್ಧ ಎತ್ತುವುದರಲ್ಲಿ. 1973ರಲ್ಲಿ ಅವರು ಕಲಿಯೋಕೆ ಬಂದಾಗ ವಯಸ್ಸು 50ರ ಹತ್ತಿರ. ಮಿಂಗಸ್ ಜೊತೆ ನುಡಿಸಿದ, ಬೋಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದ ಮನುಷ್ಯ ಮತ್ತೆ 'ಪೀಂ' ಅಂತ ಶುರು ಮಾಡೋದು ಅಂದರೆ ಸುಮ್ನೆ ಅಲ್ಲ.

ತನಿಆವರ್ತನ

ಅದಕ್ಕೂ ಮುಂಚೆ 60ರ ದಶಕದ ಮಧ್ಯದಲ್ಲಿ ಅವರು ಮಲೇಷ್ಯಾದ ರೇಡಿಯೋ ಆರ್ಕೆಸ್ಟ್ರಾ ಜೊತೆ ಕೆಲಸ ಮಾಡಿದ್ದರು. ನಾದಸ್ವರ ಮೊದಲು ಕಿವಿಗೆ ಬಿದ್ದದ್ದು ಅಲ್ಲೇ.

ಕುಡ್ಲದಮಳೆ

ಓಲಗದಮನೆಯವರೇ, ನಮ್ಮ ಊರಿನ ಕಥೆ ಇದಕ್ಕೆ ಸರಿಯಾಗಿ ತಿರುಗಾಮುರುಗಾ ಉಂಟು ಮಾರಾಯ್ರೆ. ಕದ್ರಿ ಗೋಪಾಲನಾಥರು! ತಂದೆ ನಾದಸ್ವರ ವಿದ್ವಾನ್, ಇವರೂ ನಾದಸ್ವರದಲ್ಲೇ ಶುರು. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸ್ ಕೇಳಿ ಅದರ ಹಿಂದೆ ಬಿದ್ದರು. ಅವರು ಸ್ಯಾಕ್ಸ್‌ನಿಂದ ನಾದಸ್ವರಕ್ಕೆ, ಇವರು ನಾದಸ್ವರದಿಂದ ಸ್ಯಾಕ್ಸ್‌ಗೆ. ಇಬ್ಬರದೂ ಆಲ್ಟೋ. 2008ರಲ್ಲಿ ಗೋಪಾಲನಾಥರು ನ್ಯೂಯಾರ್ಕಿನ ರುದ್ರೇಶ್ ಮಹಂತಪ್ಪ ಜೊತೆ 'ಕಿನ್ಸ್‌ಮೆನ್' ಮಾಡಿದರು. ಆ ಸಿಡಿ ನನ್ನ ಹತ್ತಿರ ಉಂಟು, ಕೇಸ್ ಒಡೆದಿದೆ.

ಹಳೇತಟ್ಟೆ

ಫೋಟೋ ಹಾಕಿದ್ದೇನೆ. ಹಿಂಭಾಗದಲ್ಲಿ ವಿಶೇಷ ಏನೂ ಇಲ್ಲ. ಕೆಳಗಡೆ ಮೂಲೆಯಲ್ಲಿ ಆ ಕಪ್ಪು ಗೆರೆಗಳ ಪಟ್ಟಿ ಇದೆ ಅಷ್ಟೆ.

ಸೂಜಿಮೊನೆ

ಗುರುಗಳೇ, ಆ ಕಪ್ಪು ಗೆರೆಗಳ ಪಟ್ಟಿಗೆ ಬಾರ್‌ಕೋಡ್ ಅಂತಾರೆ. ಅಂಗಡಿಯಲ್ಲಿ ಅದನ್ನು ಮೊದಲ ಸಲ ಸ್ಕ್ಯಾನ್ ಮಾಡಿದ್ದು 1974ರಲ್ಲಿ, ಒಹಾಯೋದಲ್ಲಿ. 1963ರಲ್ಲಿ ಸಹಿ ಹಾಕಿದ ಕವರ್ ಮೇಲೆ ಅದು ಹೇಗೆ ಬಂತು?

ನಿಮ್ಮದು ಈಚೆಗೆ ಮತ್ತೆ ಒತ್ತಿದ ಪ್ರತಿ. ಹಳೇ ಲೇಬಲ್ಲನ್ನೇ ಹಾಗೇ ಮತ್ತೆ ಅಚ್ಚು ಹಾಕುತ್ತಾರೆ, ಅದರಲ್ಲಿ ಮೋಸ ಏನಿಲ್ಲ. ಈಗಿನ ತಟ್ಟೆ ಎಷ್ಟೋ ಸಲ 180 ಗ್ರಾಂ ಇರುತ್ತೆ, ಅದೇ ನಿಮ್ಮ ದೋಸೆ ಹೆಂಚು. ತಟ್ಟೆ ಚೆನ್ನಾಗಿಯೇ ಇದೆ, ಕೇಳಿ ಆನಂದಪಡಿ. '63' ಮಾತ್ರ ಮರಿಯಾನೋ ಬರೆದದ್ದಲ್ಲ. ಇಸವಿ ಸುಳ್ಳಾದರೆ ಸಹಿ ನಿಜ ಅಂತ ನಂಬೋಕೆ ನನಗೆ ಧೈರ್ಯ ಇಲ್ಲ.

ಹಳೇತಟ್ಟೆ

ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಕಾಫಿ ಆರಿಹೋಯಿತು. ಆ ಪಟ್ಟಿ ದಿನಾ ಹಾಲಿನ ಪ್ಯಾಕೆಟ್ ಮೇಲೆ, ಬಿಸ್ಕತ್ ಮೇಲೆ ನೋಡುತ್ತೇನೆ. ಇಲ್ಲಿ ಕಣ್ಣಿಗೇ ಬೀಳಲಿಲ್ಲ ನೋಡಿ.

ಕುಡ್ಲದಮಳೆ

ಬೇಜಾರು ಮಾಡಬೇಡಿ ಸರ್. ನಿಮ್ಮದು ದುಡ್ಡಷ್ಟೇ ಹೋಯಿತು, ನಾನು ವಸ್ತುವನ್ನೇ ಕೊಂದವ. ಮುಂಬಯಿಯ ಚಿಕ್ ಚಾಕೊಲೇಟ್ ಗೊತ್ತಲ್ಲ? ಗೋವಾದ ಟ್ರಂಪೆಟ್ ವಾದಕರು, ತಾಜ್ ಹೋಟೆಲಿನಲ್ಲಿ ಬ್ಯಾಂಡ್ ನಡೆಸಿದವರು. ಅವರ ಬ್ಯಾಂಡಿನ ಒಂದು 78 ತಟ್ಟೆ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಕಾಲದ್ದು) ನನಗೆ ಹಳೇ ಸಾಮಾನಿನವರ ಹತ್ತಿರ ಸಿಕ್ಕಿತು. ನಮ್ಮ ಮಳೆಗೆ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ಎಲ್‌ಪಿ ತೊಳೆಯುವ ಹಾಗೆ ಇದನ್ನೂ ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಚೆನ್ನಾಗಿ ಬರ್ತಾ ಉಂಟು ಅಂತ ಇನ್ನೂ ಗಟ್ಟಿಯಾಗಿ ಉಜ್ಜಿದೆ. ಬರ್ತಾ ಇದ್ದದ್ದು ತಟ್ಟೆಯೇ ಮಾರಾಯ್ರೆ! ಆಮೇಲೆ ಕೇಳಿದರೆ ಬರೀ ಹುರಿದ ಹಾಗೆ ಶಬ್ದ.

ಸೂಜಿಮೊನೆ

ಅಯ್ಯೋ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. 78 ತಟ್ಟೆ ಮಾಡುತ್ತಿದ್ದದ್ದು ಅರಗಿನಿಂದ. ಅದೇ ನಮ್ಮ ಮರದ ಅರಗು, ಬಾಗಿಲಿಗೆ ಪಾಲಿಷ್ ಹೊಡೆಯುವವರು ಸ್ಪಿರಿಟ್‌ನಲ್ಲಿ ಕರಗಿಸುತ್ತಾರಲ್ಲ, ಅದು. ಎಲ್‌ಪಿ ವಿನೈಲ್, ನೀರಿಗೆ ಒಂದೆರಡು ಹನಿ ಸ್ಪಿರಿಟ್ ಬೆರೆಸಿದರೆ ಏನೂ ಆಗಲ್ಲ. 78ಕ್ಕೆ ಶುದ್ಧ ನೀರು, ಮೆತ್ತಗಿನ ಬಟ್ಟೆ, ಲೇಬಲ್‌ಗೆ ತಾಗದ ಹಾಗೆ. ಮುಗಿಯಿತು. ಇನ್ನೊಂದು, ದಪ್ಪ ಪಿವಿಸಿ ಕವರ್‌ನಲ್ಲಿ ತಟ್ಟೆ ಇಡಬೇಡಿ. ವರ್ಷಗಳಾದ ಮೇಲೆ ತಟ್ಟೆ ಮೇಲೆ ಮಂಜು ಕವಿದ ಹಾಗೆ ಕಲೆ ಬರುತ್ತೆ, ಒರೆಸಿದರೂ ಹೋಗಲ್ಲ. ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಕೊಲೋನ್‌ಕಾವೇರಿ

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಈ ಚರ್ಚೆ ನನ್ನ ಊರಿನದ್ದೇ. ಮರಿಯಾನೋ ಕೊನೆಯ ವರ್ಷಗಳಲ್ಲಿ ಇದ್ದದ್ದು ಕೊಲೋನ್‌ನಲ್ಲಿ. 2009ರ ಜೂನ್ 16ರಂದು ತೀರಿಕೊಂಡದ್ದೂ ಇಲ್ಲೇ, 85 ವರ್ಷಕ್ಕೆ. ನಾನು ಮೈಸೂರಿಂದ ಬಂದದ್ದು 2011ರಲ್ಲಿ. ಎರಡು ವರ್ಷ ತಡ.

ಇಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತೆ. ಪಿಂಗಾಣಿ ತಟ್ಟೆ, ಸೈಕಲ್ ಬೆಲ್, ಅಜ್ಜಂದಿರ ಟೋಪಿ, ಅದರ ಮಧ್ಯೆ ರೆಕಾರ್ಡ್ ಡಬ್ಬಿಗಳು. ಒಂದು ಸಲ ಯುನೈಟೆಡ್ ಜಾಝ್ ರಾಕ್ ಎನ್‌ಸೆಂಬಲ್ ಎಲ್‌ಪಿ ಸಿಕ್ಕಿತು. ವೋಲ್ಫ್‌ಗಾಂಗ್ ಡೌನರ್ ಕಟ್ಟಿದ ಬ್ಯಾಂಡ್ ಅದು. ಅದರಲ್ಲಿ ಇದ್ದವರೆಲ್ಲ ಬೇರೆ ಕಡೆ ತಮ್ಮದೇ ಬ್ಯಾಂಡಿನ ಯಜಮಾನರು, ಮರಿಯಾನೋ ಕೂಡ. 3 ಯೂರೋ ಕೊಟ್ಟೆ.

ಮನೆಗೆ ಬಂದು ತಟ್ಟೆ ಎಳೆದರೆ ಒಳಗಿಂದ ಒಂದು ಪೇಪರ್ ಕಟಿಂಗ್ ಬಿತ್ತು. ಅವರು ತೀರಿಕೊಂಡ ಸುದ್ದಿ, ನಾಲ್ಕು ಮಡಿಕೆ. ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ಇಟ್ಟಿದ್ದಾರೆ. ನ್ಯೂಸ್‌ಪ್ರಿಂಟ್ ಹಳದಿಯಾಗಿ, ಒಳಕವರ್ ಮೇಲೂ ಅದೇ ಅಳತೆಯ ಹಳದಿ ಚೌಕ ಮೂಡಿದೆ. ಮಾರುವ ಅಜ್ಜಿಗೆ ಆಮೇಲೆ ತೋರಿಸಿದೆ. ನೋಡಿ, ಮತ್ತೆ ಮಡಚಿ ನನ್ನ ಕೈಗೇ ಕೊಟ್ಟರು. ಯಾರದ್ದು ಅಂತ ನಾನೂ ಕೇಳಲಿಲ್ಲ.

ಸಂಗ್ರಹ ಅಂದರೆ ನನಗೆ ಅದೇ ಈಗ. ಬೆಲೆ ಏನೂ ಇಲ್ಲ.

ಸೂಜಿಮೊನೆ

ಮೇಡಂ, ಕಟಿಂಗ್ ಇಡಿ, ಆದರೆ ತಟ್ಟೆ ಜೊತೆ ಬೇಡ. ನ್ಯೂಸ್‌ಪ್ರಿಂಟ್‌ನಲ್ಲಿ ಆಮ್ಲ ಇರುತ್ತೆ, ಆ ಹಳದಿ ಚೌಕ ಅದರದ್ದೇ. ಆಮ್ಲ ಇಲ್ಲದ ಕಾಗದದ ಮಡಿಕೆಯಲ್ಲಿ ಬೇರೆ ಇಡಿ. ಯಾವ ತಟ್ಟೆಯಿಂದ ಬಂತು, ಯಾವಾಗ ಸಿಕ್ಕಿತು ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಪೆನ್ಸಿಲ್‌ನಲ್ಲಿ. ಆ ಚೀಟಿ ಇಲ್ಲದಿದ್ದರೆ ನಾಳೆ ಅದು ಬರೀ ಹಳೇ ಪೇಪರ್.

ಹಳೇತಟ್ಟೆ

ಬೆಲೆ ಏನೂ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ ಮೇಡಂ. ದೊಡ್ಡ ವಸ್ತುವಿಗೆ ದೊಡ್ಡ ಬೆಲೆ ಇದ್ದದ್ದಕ್ಕೇ ಅದು ಉಳಿಯುತ್ತೆ. ಚಾರ್ಲಿ ಪಾರ್ಕರ್ ಅವರ ಬಿಳೀ ಪ್ಲಾಸ್ಟಿಕ್ ಸ್ಯಾಕ್ಸ್ ನೋಡಿ. ಗ್ರಾಫ್ಟನ್ ಕಂಪನಿಯದ್ದು. 1953ರ ಮೇ 15ರಂದು ಟೊರಾಂಟೋದ ಮ್ಯಾಸಿ ಹಾಲ್‌ನಲ್ಲಿ ಅದರಲ್ಲೇ ನುಡಿಸಿದರು, ಪಕ್ಕದಲ್ಲಿ ಬಾಸ್ ಹಿಡಿದು ನಿಂತಿದ್ದವರು ಇದೇ ಮಿಂಗಸ್. 1994ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 93,500 ಪೌಂಡ್‌ಗೆ ಹೋಯಿತು. ಕೊಂಡದ್ದು ಪಾರ್ಕರ್ ಬೆಳೆದ ಊರು ಕ್ಯಾನ್ಸಸ್ ಸಿಟಿಯವರು. ಈಗ ಅಲ್ಲಿನ ಜಾಝ್ ಮ್ಯೂಸಿಯಂನಲ್ಲಿದೆ. ದುಡ್ಡು ಕೊಡದೇ ಇದ್ದಿದ್ದರೆ ಯಾರ ಅಟ್ಟದ ಮೇಲೆ ಇರುತ್ತಿತ್ತೋ.

ತನಿಆವರ್ತನ

ಅದು ಸರಿ ಸರ್, ಆದರೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ನೋಡಿ. ಅವರೇ ತಮ್ಮ ಸಂಗ್ರಹಕಾರ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 1943ರಲ್ಲಿ ತೆಗೆದುಕೊಂಡ ಮನೆಯಲ್ಲಿ ಕೂತು ನೂರಾರು ಟೇಪ್ ಮಾಡಿದರು. ತಮ್ಮ ಹಾಡು ಮಾತ್ರ ಅಲ್ಲ, ಮನೆಗೆ ಬಂದವರ ಹರಟೆ, ಜೋಕು ಎಲ್ಲ. ಟೇಪ್ ಡಬ್ಬಿಗಳ ಮೇಲೆ ಫೋಟೋ ಚೂರು, ಪೇಪರ್ ಕಟಿಂಗ್ ಕತ್ತರಿಸಿ ಅಂಟಿಸಿ ಸಿಂಗರಿಸಿದರು. ಆ ಮನೆ 2003ರಿಂದ ಮ್ಯೂಸಿಯಂ. ಅವರ ಟ್ರಂಪೆಟ್‌ಗಿಂತ ನನಗೆ ಆ ಡಬ್ಬಿಗಳನ್ನು ನೋಡಬೇಕು ಅನ್ನಿಸುತ್ತೆ.

ನನ್ನ ಹತ್ತಿರ ಇರುವುದೂ ಅಂಥದ್ದೇ ಒಂದು. 'ಜ್ಯೋತಿ' ಎಲ್‌ಪಿ ಕಾಲೇಜು ದಿನಗಳಲ್ಲಿ ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಸಿಕ್ಕಿತು, ಹಳೇ ಮಿಕ್ಸಿ ಜಾರ್‌ಗಳ ಪಕ್ಕ. ಒಳಕವರ್ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದಿದ್ದಾರೆ. 'ತಕಿಟ ತಕದಿಮಿ, 7'. ಅದನ್ನು ಹೊಡೆದುಹಾಕಿ ಕೆಳಗೆ 'ಅಲ್ಲ, 5'. ಅದನ್ನೂ ಹೊಡೆದುಹಾಕಿ 'ಮತ್ತೆ ಕೇಳು'. ಬರಹ ದುಂಡಗಿದೆ. ಮೃದಂಗ ಕಲಿಯುತ್ತಿದ್ದ ಯಾರೋ ಸೂಜಿ ಎತ್ತಿ ಎತ್ತಿ ಇಟ್ಟು ಲೆಕ್ಕ ಹಾಕಿದ್ದಾರೆ. ಆ ಕಡೆ ತಟ್ಟೆಯ ಮೇಲೂ ಒಂದೇ ಜಾಗದಲ್ಲಿ ಸವೆದ ಶಬ್ದ ಬರುತ್ತೆ. ಟಿ.ಎ.ಎಸ್. ಮಣಿ ಅವರು 2020ರಲ್ಲಿ ಹೋದಾಗ ಆ ಎಲ್‌ಪಿ ತೆಗೆದು ಹಾಕಿದೆ. ಆ ಸವೆದ ಜಾಗ ಬಂದಾಗ ನನ್ನ ಕೈಯೂ ತಾಳ ಹಾಕತೊಡಗಿತು.

ಓಲಗದಮನೆ

ಅಣ್ಣಾ, ಅದನ್ನು ಯಾರಿಗೂ ಮಾರಬೇಡ.

ಸೂಜಿಮೊನೆ

ಮಾರುಕಟ್ಟೆಯ ಲೆಕ್ಕದಲ್ಲಿ ಆ ಬರಹದಿಂದ ಅದರ ದರ್ಜೆ ಇಳಿಯುತ್ತೆ. ಕವರ್ ಮೇಲೆ ಬರಹ, ತಟ್ಟೆಯಲ್ಲಿ ಸವೆತ, ಅಬ್ಬಬ್ಬಾ ಅಂದರೆ ವಿಜಿ (ಹೆಸರಿಗೆ 'ವೆರಿ ಗುಡ್', ನಿಜಕ್ಕೆ ಸಾಧಾರಣ ದರ್ಜೆ). ನನಗೆ ಕೊಡುವುದಾದರೆ ನನ್ನ ಚೆನ್ನಾಗಿರುವ 'ಜ್ಯೋತಿ' ಕೊಟ್ಟು ಮೇಲೆ ದುಡ್ಡೂ ಕೊಡುತ್ತೇನೆ. ಹೌದು, ನಾನೇ ಹೇಳುತ್ತಿದ್ದೇನೆ.

ತನಿಆವರ್ತನ

ಕೊಡಲ್ಲ ಸರ್ 🙂

ಹಳೇತಟ್ಟೆ

ಮಾರಿದವರಿಗೆ ಬರೆದಿದ್ದೆ, ಉತ್ತರ ಬಂತು. 'ಸಹಿ ಒರಿಜಿನಲ್ ಸರ್, ಕವರ್ ಮಾತ್ರ ಆಮೇಲೆ ಬಂದಿದ್ದು.' ಮೂರು ಸಲ ಓದಿದೆ. ಸಹಿ 1963ರಿಂದ ಗಾಳಿಯಲ್ಲಿ ತೇಲುತ್ತಾ ಕವರ್‌ಗೆ ಕಾಯುತ್ತಿತ್ತು ಅಂತ ಅರ್ಥ ಮಾಡಿಕೊಂಡೆ. ಬಾರ್‌ಕೋಡ್ ಫೋಟೋ ಕಳಿಸಿದ ಮೇಲೆ ಅರ್ಧ ದುಡ್ಡು ವಾಪಸ್ ಹಾಕಿದ್ದಾರೆ. ಉಳಿದರ್ಧಕ್ಕೆ ಜಗಳ ಆಡುವ ವಯಸ್ಸಲ್ಲ ನನ್ನದು.

ನಿನ್ನೆ ರಾತ್ರಿ ಅದೇ ತಟ್ಟೆ ಹಾಕಿ ಕೇಳಿದೆ. ನಿಜ ಹೇಳಬೇಕೆಂದರೆ ಬಂದಾಗಿನಿಂದ ಸಹಿ ನೋಡಿದ್ದೇ ಆಯಿತು, ಒಂದು ಸಲವೂ ಕೇಳಿರಲಿಲ್ಲ. ಆ ಹನ್ನೊಂದು ಜನರ ಗದ್ದಲದ ಮೇಲೆ ಆಲ್ಟೋ ಎದ್ದು ಬರುವುದಿದೆಯಲ್ಲ, ಅದರಲ್ಲಿ ಸ್ವಲ್ಪ ಭಾಗ ಮಿಂಗಸ್ ಆಮೇಲೆ ಮರಿಯಾನೋ ಅವರಿಂದ ಬೇರೆಯಾಗಿ ನುಡಿಸಿ ಸೇರಿಸಿದ್ದಂತೆ. ಕೇಳಿದರೆ ಗೊತ್ತೇ ಆಗಲ್ಲ. ಒಳಗಡೆ ಬರಹ ಓದಿ, ಮಿಂಗಸ್ ತಮಗೆ ಚಿಕಿತ್ಸೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞರ ಕೈಲೇ ಒಂದು ಭಾಗ ಬರೆಸಿದ್ದಾರೆ. ಆ ಬರಹದ ಪಕ್ಕದಲ್ಲೇ ನನ್ನ ಸುಳ್ಳು ಸಹಿ. ಅಳಿಸಲ್ಲ, ಇರಲಿ. ಕೆಳಗೆ ಪೆನ್ಸಿಲ್‌ನಲ್ಲಿ 'ಇದು ನಕಲಿ' ಅಂತ ಬರೆದು ದಿನಾಂಕ ಹಾಕಿದ್ದೇನೆ. ನನ್ನ ನಂತರ ಯಾರಿಗೂ ಇದರಲ್ಲಿ ಮೋಸ ಆಗಬಾರದು.

ನವೆಂಬರ್ 12ಕ್ಕೆ ಅವರ ಹುಟ್ಟಿದ ದಿನ. ನಮ್ಮ ಮನೆಯಲ್ಲಿ ಸಂಜೆ ಸೇರೋಣವಾ? ಟರ್ನ್‌ಟೇಬಲ್ ನನ್ನದು. ತನಿಆವರ್ತನ ಅವರ 'ಜ್ಯೋತಿ' ಬರಲೇಬೇಕು, ಕೊಡದಿದ್ದರೂ ಪರವಾಗಿಲ್ಲ, ಕೇಳಿಸಲಿ. ಯಾರ ಹತ್ತಿರವಾದರೂ 'ಯೆಲ್ಲೋ ಫೀಲ್ಡ್ಸ್' ಇದೆಯಾ?

ಸೂಜಿಮೊನೆ

ನಾನು ತರುತ್ತೇನೆ. ಸೂಜಿ ಹೊಸದಾ ನಿಮ್ಮದು? ಹಳೇ ಸೂಜಿಗೆ ನನ್ನ ತಟ್ಟೆ ಕೊಡಲ್ಲ.

ಓಲಗದಮನೆ

ನಾನು ತಾತನ ವಾದ್ಯ ತರುತ್ತೇನೆ. ಊದೋಕೆ ಬರಲ್ಲ, 'ಪೀಂ' ಮಾತ್ರ ಗ್ಯಾರಂಟಿ.

ಕೊಲೋನ್‌ಕಾವೇರಿ

ವಿಡಿಯೋ ಕಾಲ್ ಹಾಕಿ. ಇಲ್ಲಿ ಮಧ್ಯಾಹ್ನ ಆಗಿರುತ್ತೆ, ಆಫೀಸಿಗೆ ರಜೆ ಹಾಕುತ್ತೇನೆ.

ಕುಡ್ಲದಮಳೆ

ನಾನು ರಾತ್ರಿ ಬಸ್ಸಿಗೆ ಬರುತ್ತೇನೆ. ಚಕ್ಕುಲಿ ನನ್ನದು. ಸ್ಪಿರಿಟ್ ತರುವುದಿಲ್ಲ, ಆಣೆ.

ಸೂಜಿಮೊನೆ

ಚಕ್ಕುಲಿ ಬರಲಿ. ಆದರೆ ತಿಂದ ಕೈಯಲ್ಲಿ ಯಾರೂ ತಟ್ಟೆ ಮುಟ್ಟಬಾರದು. ಹಳೇತಟ್ಟೆಯವರೇ, ಟರ್ನ್‌ಟೇಬಲ್ ಪಕ್ಕ ಒಂದು ಬಕೆಟ್ ನೀರು, ಟವೆಲ್ ಇಟ್ಟಿರಿ.